ಒತ್ತಕ್ಷರ

ಟಿಬಿಲಿಸಿಯಲ್ಲಿ ಇಪ್ಪತ್ತು ನಿಮಿಷ ಪ್ರಬಂಧ ಓದಿದೆ.
ಪ್ರಶ್ನೆಗಳೇನಾದರೂ? ಯಾರೂ ಕೇಳಲಿಲ್ಲ.
ಅಧ್ಯಕ್ಷರು ಗಡಿಯಾರಕ್ಕೆ ವಂದಿಸಿದರು.

ಕುತಾಯಿಸಿ ದಾಟಿದ ಮೇಲೆ, ಈ ಹದಿನೆಂಟು ಸೀಟಿನ ವ್ಯಾನಿನಲ್ಲಿ,
ಪ್ರಶ್ನೆಗಳಿಗೆ ಬರವಿಲ್ಲ:
ಸಂಬಳ ಎಷ್ಟು, ಮಕ್ಕಳೆಷ್ಟು,
ಒಬ್ಬನೇ ಯಾಕೆ ಬಂದೆ, ಹೆಂಡತಿ ಬಿಟ್ಟುಹೋದಳಾ?
ನನ್ನ ಹರುಕು ರಷ್ಯನ್ನಿಗೆ ಬಾದ್ರಿ ತಾನೇ ತೇಪೆ ಹಾಕುತ್ತಾನೆ.
ಅವನ ತೊಡೆಯ ಮೇಲೆ ಕಂಬಳಿ ಹೊದ್ದ ಕಾರಿನ ಗಾಜು,
ಹಸುಗೂಸಿನ ಹಾಗೆ.

ಬರೆದುಕೊಂಡದ್ದು: ಚರ್ಚು ಕಂಡಲ್ಲೆಲ್ಲ
ಡ್ರೈವರನ ಒಂದು ಕೈ ಎದೆಯ ಮೇಲೆ ಶಿಲುಬೆ ಗೀಚುತ್ತದೆ,
ಇನ್ನೊಂದರಲ್ಲಿ ಸಿಗರೇಟು.
ಸ್ಟಿಯರಿಂಗು ದೇವರ ಪಾಲು.

ಪಕ್ಕದ ತ್ಸಿಯಾಲಜ್ಜಿ ಚೀಸಿನ ಬುಟ್ಟಿ ಸರಿಸಿ
"ನಿಮ್ಮಕ್ಷರದಲ್ಲಿ ನನ್ನ ಹೆಸರು ಬರೆದುಕೊಡು" ಅಂದಳು.
ಕೊಟ್ಟೆ. ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಳು.
ನಮ್ಮವೇ ಇವು, ಉಂಡು ದುಂಡಗಾಗಿವೆ.
ಆಮೇಲೆ ತಕಾರದ ಕೆಳಗಿನ ಸಕಾರಕ್ಕೆ ಬೆರಳಿಟ್ಟು:
"ಇದ್ಯಾಕೆ ಬಿದ್ದಿದೆ?"

ಮೂವತ್ತೊಂದು ವರ್ಷ ವ್ಯಾಕರಣ ಪಾಠ ಮಾಡಿದವನು
ತಡಕಾಡಿದೆ:
"ಬಿದ್ದಿಲ್ಲ. ಮೇಲೆ ಜಾಗವಿಲ್ಲ. ಕೂತಿದೆ."

ಸೀಟು ಸಿಗದೆ
ಬಾದ್ರಿಯ ಕಾಲಬುಡದಲ್ಲಿ ಮುದುರಿ
ಸೂರ್ಯಕಾಂತಿ ಬೀಜ ಕಡಿಯುತ್ತಿದ್ದ ಹುಡುಗನ ಕಡೆ
ಅಜ್ಜಿ ನೋಡಿದಳು.
"ಇವನ ಹಾಗೆ."
ಇಡೀ ವ್ಯಾನು ನಕ್ಕಿತು,
ಯಾಕೆಂದು ತಿಳಿಯದೆ ಹುಡುಗನೂ.

ಝುಗ್ದಿದಿಗೆ ಮುಂಚಿನ ತಿರುವಿನಲ್ಲಿ ಇಳಿಯುವಾಗ
ಹಾಳೆ ಹರಿದುಕೊಂಡೇ ಹೋದಳು,
ಒದ್ದೆ ಚೀಸಿನ ಬಟ್ಟೆಯೊಳಗೆ ಮಡಚಿಟ್ಟು.
ಅದರ ಬೆನ್ನಿಗೆ ನನ್ನ ಪ್ರಬಂಧದ ಉಪಸಂಹಾರವಿತ್ತು.
ಕೇಳಲು ಬಾಯಿ ಬರಲಿಲ್ಲ.
ಉಪ್ಪುನೀರಲ್ಲಿ ನೆನೆದಿರಬೇಕು, ಇಷ್ಟುಹೊತ್ತಿಗೆ.