ಬೆಟಗೇರ್ಯಾಗಿನ ಕೀಲಿಕೈ

ಕೀಲಿಕೈ ಅಂದ್ರ ಹಲ್ಲು ಕೊರದ ಕೀಲಿಕೈ ಅಲ್ಲ ಅದು.
ಎರಡು ಹುಣಸೀಬೀಜದಷ್ಟು ಉದ್ದ, ಕಪ್ಪು,
ಬಾಯಾಗ ತಗಡು, ತೆಲಿ ಮ್ಯಾಲ ಹಸರ ದೀಪ.
ಕಂಪ್ಯೂಟರಿಗೆ ಚುಚ್ಚಿದರಷ್ಟ
ಸೆರಗಿನ ನಕ್ಷೆ ಬರಿಯೂ ಸಾಫ್ಟ್‌ವೇರ್ ಕಣ್ಣು ತೆರೀತೈತಿ,
ಕಿತ್ತರ ಮುಚ್ಚಿಕೊಂತೈತಿ.
ಎಂಬತ್ತೆರಡು ಸಾವಿರ ಎಣಿಸಿ ತಂದದ್ದು.
ಇನ್ನೊಂದು ಬೇಕಂದ್ರ ಇನ್ನೊಂದು ಎಂಬತ್ತೆರಡು.

ತುಳಜಾಸಾ ಬಾಕಳೆ ಅದಕ್ಕ ಕೆಂಪು ದಾರ ಕಟ್ಟಿ
ತಿಜೋರಿ ಕೀಲಿಕೈ ಸಂಗಾಟ ಉಡದಾರಕ್ಕ ಸಿಗಿಸಿ
ಬೆಟಗೇರಿ ಓಣ್ಯಾಗ ಅಡ್ಡಾಡ್ತಿದ್ದರು ಮೊದಲ.
ನಾನು ಹಳೇ ಹುಬ್ಬಳ್ಳ್ಯಾಗ.
ನಕ್ಷೆ ಬರಿಯೂಕಿ ನಾನು, ಕೀಲಿಕೈ ಅವರದು,
ನಡುವ ಅಣ್ಣಿಗೇರಿ, ವಾರಕ್ಕ ಮೂರು ಸಲ ಪ್ಯಾಸೆಂಜರ್ ಗಾಡಿ,
ಕಿಟಕಿಗೆ ಹಚ್ಚಿದ ತೆಲ್ಯಾಗ ದಡಿಯ ಲೆಕ್ಕ.

ಆಮ್ಯಾಲ ದಾದಾಪೀರ ಬಂದ.
ಅಲ್ಲೊಂದು, ಇಲ್ಲೊಂದು ಪ್ರೋಗ್ರಾಮ್ ಕೂಡಿಸಿದ.
"ಅಕ್ಕಾರ, ಕೀಲಿಕೈ ಅಲ್ಲೇ ಇರತೈತ್ರಿ.
ಅದು ಆಡೂ ಮಾತಷ್ಟ ಇಲ್ಲಿಗೆ ಬರತೈತಿ.
ಪಾಪ, ನಿಮ್ಮ ಕಂಪ್ಯೂಟರಿಗೆ ಗೊತ್ತಾಗಂಗಿಲ್ಲ,
ತನ್ನ ಬಗಲಾಗ ಚುಚ್ಚ್ಯಾರ ಅಂತ ತಿಳಕೊಂತೈತಿ."

ತುಳಜಾಸಾ ಫೋನಿನ್ಯಾಗ ಕೇಳಿದರು:
"ಕೀಲಿಕೈ ಇಲ್ಲೇ ಐತಲ್ಲ?"
ನಿಮ್ಮ ಕಣ್ಣ ಮುಂದ ಐತಲ್ರಿ.
"ಐತಿ. ಆದರ ನೀ ತಗೊಂಡಿಯಲ್ಲ?"
ತಗೊಂಡೇನ್ರಿ.
"ಹಂಗಾರ ಇಲ್ಲಿರೂದು ಏನು?"

ಇವತ್ತಿಗೂ ನನಗ ಉತ್ತರ ಹೊಳದಿಲ್ಲ.

ಅಲ್ಲಿ ಕರೆಂಟ್ ಹೋದರ
ಇಲ್ಲಿ ನನ್ನ ಬಲ್ಬು ಉರೀತಿದ್ದರೂ ನಕ್ಷೆ ಕಲ್ಲಾಗತಿತ್ತು.
ಗೋಮಿ ದಡಿ ಅರ್ಧ, ಕುದುರಿಗೆ ಮೂರ ಕಾಲು.
ಒಮ್ಮೆ ಬೆಕ್ಕು ವೈರ್ ಎಳೀತಂತ.
ಒಮ್ಮೆ ಸೊಸಿ ಅಂಬೂಬಾಯಿ ಕಸಾ ಹೊಡಿಯೂ ಮುಂದ
ಕಸಬರಿಗಿ ತಾಗಿತಂತ.
ಇಬ್ಬರಿಗೆ ಒಮ್ಮೆಲೆ ಸಿಗೂದಿಲ್ಲ ಅದು,
ಒಂದ ಲಾಳಿ,
ಈ ಕಡಿ ಬಂದರ ಆ ಕಡಿ ಖಾಲಿ.

ಎಳ್ಳಮಾಸಿ ದಾಟಿ ನಾಕನೇ ರಾತ್ರಿ, ಹನ್ನೆರಡೂಕಾಲು.
ಕೀಲಿಕೈ ಕರದೆ. ಬರಲಿಲ್ಲ.
ಬ್ಯಾರೇದವರು ಬಳಸಾಕತ್ತಾರ, ತಡೀರಿ
ಅನ್ನೂ ಅರ್ಥದ ಹಳದಿ ಪಟ್ಟಿ ಬಿತ್ತು.
ಬ್ಯಾರೇದವರು ಯಾರು?
ತುಳಜಾಸಾ ಒಂಬತ್ತಕ್ಕ ಗುಳಿಗಿ ನುಂಗಿ ಮಲಗೂ ಮನಶ್ಯಾ.
ಕಳ್ಳತನ ಅನಿಸಿತು. ನನ್ನ ನಕ್ಷೆ ಮಾರ್ಕೊಂಡರು ಅನಿಸಿತು.
ಬೆಳಗಾದ ಕೂಡಲೆ ಫೋನ್ ಹಚ್ಚಬೇಕು ಅಂತ
ಕೌದಿ ಎಳಕೊಂಡೆ, ನಿದ್ದಿ ಬರಲಿಲ್ಲ.

ಬೆಳಗ್ಗೆ ಹೆಸರಿಲ್ಲದ ಒಂದು ಫೈಲು.
ತೆಗೆದೆ.
ದಡಿ ತುಂಬ ಕುಂಟಾಬಿಲ್ಲಿ ಮನಿಗಳು,
ಸಾಲಾಗಿ, ಒಂದರ ಹೆಗಲಿಗೊಂದು,
ಏಳನೇ ಮನ್ಯಾಗ ಒಂದ ಪಾದ,
ಐದರ ಬದಲು ಆರು ಬೊಟ್ಟು.
ಹದಿನಾಕು ಬಣ್ಣ, ನಮ್ಮ ಮಗ್ಗಕ್ಕ ಮೂರ ಸಾಕು.
ಎಳಿ ಉದ್ದಕ ಬಿಟ್ಟಾಳ,
ಹಂಗ ನೇದರ ಬಳಿ ಸಿಗಬಿದ್ದು ಸೆರಗು ಹರೀತೈತಿ.

ಬಿಟ್ಟಾಳ, ಅಂದೆ.
ಬಿಟ್ಟಾನ ಅನ್ನಲಿಲ್ಲ. ಯಾಕೋ.

ಫೋನ್ ಹಚ್ಚಲಿಲ್ಲ.
ಉದ್ದ ಎಳಿ ಇದ್ದಲ್ಲಿ, ನಡುವ,
ಕಟ್ಟಿ ಹಾಕೂ ಎರಡ ಚುಕ್ಕಿ ಇಟ್ಟೆ, ಬೂದಿ ಬಣ್ಣದ್ದು.
ಮೂರನೇ ದಿನಕ್ಕ ದಡಿ ತುಂಬ ಚುಕ್ಕಿ ಬಿದ್ದಿದ್ದವು,
ಬೇಕಾದಲ್ಲಿ, ಬ್ಯಾಡಾದಲ್ಲಿ.
ಬ್ಯಾಡಾದ್ದನ್ನ ಅಳಿಸಿದೆ. ಬಣ್ಣ ಒಂಬತ್ತಕ್ಕಿಳೀತು, ಆಮ್ಯಾಲ ನಾಕು.
ಆರನೇ ಬೊಟ್ಟು ಮಾತ್ರ ಆಕಿ ಬಿಡಲಿಲ್ಲ,
ನಾನೂ ಮುಟ್ಟಲಿಲ್ಲ.
ಹನ್ನೆರಡರಿಂದ ಒಂದು, ಕೀಲಿಕೈ ಕರೀಲಿಲ್ಲ.
ಚಿಮಣಿ ಹಂಗ ಪರದೆ ಸಣ್ಣ ಮಾಡಿ
ಸುಮ್ಮ ಕುಂತಿರತಿದ್ದೆ.

ಹಾಸು ನೋಡಾಕ ಮೊನ್ನೆ ಬೆಟಗೇರಿಗೆ ಹೋದೆ.
"ನೋಡು," ಅಂದರು ತುಳಜಾಸಾ, "ಇಟ್ಟಲ್ಲೇ ಐತಿ,
ಒಂದು ಬಟ್ಟು ಅಲುಗಿಲ್ಲ."
ಕೆಂಪು ದಾರ ಮಾಸಿತ್ತು. ಮುಟ್ಟಿದೆ, ಬೆಚ್ಚಗಿತ್ತು.
"ಹನ್ನೆರಡಾದ ಕೂಡಲೆ ಕೆಲಸ ಯಾಕ ನಿಲ್ಲಸ್ತಿ ತಂಗಿ?
ದಾದಾಪೀರ ಲೆಕ್ಕ ತೋರಿಸಿದ."
ಕಣ್ಣು ಉರೀತಾವ್ರಿ, ಅಂದೆ.

ಅಡಗಿಮನ್ಯಾಗ ಬಶಿಗೆ ಕಪ್ಪು ತಾಗಿದ ಸಪ್ಪಳ
ಒಂಚೂರು ತಡದು ಬಂತು.