ಸೋರದಿರಲೆಂದು ಒಂದು ತೂತು

ಕರೆಂಟು ಹೋಗಿದ್ದು ಬರೀ ಇಪ್ಪತ್ತು ನಿಮಿಷ.
ಪೇಸ್ಲಿಯ ಈ ಹಳೆಯ ಕಲ್ಲುಕಟ್ಟಡದ ಎರಡನೇ ಮಹಡಿಯಲ್ಲಿ
ಮುನ್ನೂರು ಲೀಟರಿನ ನನ್ನ ಗಾಜಿನ ಕೆರೆ
ಸದ್ದಿಲ್ಲದೆ ಹಿಂದಕ್ಕೆ ನಡೆಯಿತು:
ಪಂಪು ಮೇಲಕ್ಕೆ ಕಳಿಸಿದ ದಾರಿಯಲ್ಲೇ ಕೆಳಕ್ಕೆ,
ಕೆಳಗಿನ ತೊಟ್ಟಿ ತುಂಬಿ, ತುಳುಕಿ,
ಪೈನ್ ಹಲಗೆಯ ಸಂದಿಗೆ ಬಾಯಿಟ್ಟು.

ನೀರಿಗೆ ಇಳಿಜಾರು ಯಾರೂ ಹೇಳಿಕೊಡಬೇಕಿಲ್ಲ.
ಮೊದಲು ಗೊತ್ತಾಗಿದ್ದು ನನಗಲ್ಲ,
ಕೆಳಮನೆಯ ಐಲ್ಸಾ ಮೆಕ್‌ಕ್ರೇಗೆ.
ಟೀ ಕಪ್ಪಿನಲ್ಲಿ ಒಂದು ಹನಿ. ಆಮೇಲೆ ಇನ್ನೊಂದು.
ಆಮೇಲೆ ಪೊರಕೆಯ ಹಿಡಿಯಿಂದ ಸೂರಿಗೆ ಮೂರು ಗುದ್ದು.

ನಾನೋ, ದಿನಕ್ಕೆ ಹನ್ನೆರಡು ಗಂಟೆ
ಡಯಾಲಿಸಿಸ್ ವಾರ್ಡಿನಲ್ಲಿ ಕೊಳವೆ ಕಾಯುವವಳು.
ಕಂಡವರ ರಕ್ತ ಹೊರಗೆ ಹೋಗಿ ಒಳಗೆ ಬರುವಷ್ಟರಲ್ಲಿ
ಒಂದು ತೊಟ್ಟೂ ನೆಲ ಮುಟ್ಟಗೊಡದವಳು.
ಅಂಥವಳು ಅವತ್ತು ಮಂಡಿಯೂರಿ
ಟವೆಲು, ಬೆಡ್‌ಶೀಟು, ಮಡಿಸಿಟ್ಟ ಎರಡು ಸೀರೆ,
ಕೊನೆಗೆ ಚಳಿಗಾಲದ ಕೋಟನ್ನೂ ಹಾಸಿ ಹಿಂಡಿದೆ.

ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದ ಹಾಗೆ
ಶನಿವಾರ ಎಲ್ಲವನ್ನೂ ಬಿಚ್ಚಿದೆ.
ಮೀನುಗಳು ಸ್ನಾನದ ತೊಟ್ಟಿಗೆ.
ಏಂಜೆಲ್ ಮೀನು ಎರಡೂ ಖಾಲಿ ಸೋಪಿನ ಗೂಡನ್ನು
ಗರ್ಭಗುಡಿಯೆಂಬಂತೆ ದಿಟ್ಟಿಸುತ್ತ ನಿಂತವು.
ಪಟ್ಟೆಯ ಲೋಚ್ ಮಾತ್ರ ಲೆಕ್ಕಕ್ಕೆ ಸಿಗಲಿಲ್ಲ;
ಹಳೆಯ ಕೊಳವೆಯನ್ನು ಬಕೆಟ್ಟಿನ ಮೇಲೆ ಬಗ್ಗಿಸಿದಾಗ
ಎರಡು ವರ್ಷದ ಕೆಸರಿನ ಜತೆ ಜಾರಿ ಬಿತ್ತು,
ಮಾವನ ಮನೆಯಲ್ಲಿ ನಿದ್ದೆಯಿಂದೆಬ್ಬಿಸಿದ
ಅಳಿಯನ ಮುಖ ಹೊತ್ತು.

ಹೊಸ ಕೊಳವೆ ಅಳೆದೆ, ಕೊಯ್ದೆ, ಅಂಚು ಉಜ್ಜಿದೆ,
ಅಂಟು ಬಳಿದು, ಕಾಲು ಸುತ್ತು ತಿರುಗಿಸಿ
ಮೂವತ್ತು ಎಣಿಸುವ ತನಕ ಒತ್ತಿ ಹಿಡಿದೆ.
ವಾಷರು ಗಾಜಿನ ಒಳಗೋ ಹೊರಗೋ
ಎಂಬುದಕ್ಕೇ ಅರ್ಧ ಮಧ್ಯಾಹ್ನ ಹೋಯಿತು.

ಆಗ ಬಾಗಿಲಲ್ಲಿ ಐಲ್ಸಾ.
ಇಲ್ಲದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತೆ.
ಆಕೆ ನೋಡಿದ್ದು ನನ್ನನ್ನಲ್ಲ,
ತಿರುಪಿಗೆ ನಾನು ಸುತ್ತಿದ್ದ ಬಿಳಿ ಟೇಪನ್ನು.
“ಉಲ್ಟಾ ಸುತ್ತಿದ್ದೀಯ, ಹುಡುಗಿ.”
ದಾರದ ಗಿರಣಿಯಲ್ಲಿ ಇಪ್ಪತ್ತೇಳು ವರ್ಷ ದುಡಿದ ಬೆರಳು,
ಈಗ ಗಂಟುಗಂಟು, ಶುಂಠಿಯ ಹಾಗೆ;
ತುದಿಯನ್ನು ಹೆಬ್ಬೆರಳಲ್ಲಿ ಅದುಮಿ,
ಗಡಿಯಾರದ ಮುಳ್ಳು ಹೋಗುವ ಕಡೆಗೇ,
ಒಂದರ ಮೇಲೊಂದು ಅರ್ಧರ್ಧ ಏರಿಸಿ
ಐದು ಸುತ್ತು. ಹರಿದಳು. ಸವರಿದಳು.
ಹೂ ಕಟ್ಟುವ ಕೈಯನ್ನು ನಾನು
ನೋಡಿ ಬಹಳ ದಿನವಾಗಿತ್ತು.

ಕೊನೆಯ ಕೆಲಸ ಎಲ್ಲಕ್ಕಿಂತ ಚಿಕ್ಕದು.
ನೀರು ಮರಳುವ ಕೊಳವೆಯ ಕತ್ತಿನಲ್ಲಿ,
ನೀರ್ಮಟ್ಟದ ಒಂದು ಬೆರಳು ಕೆಳಗೆ,
ಎಳ್ಳಿನಷ್ಟು ತೂತು.
ಪಂಪು ನಿಂತರೆ ಮಟ್ಟ ಇಳಿಯುತ್ತದೆ, ತೂತು ಹೊರಬೀಳುತ್ತದೆ,
ಒಂದು ಗುಟುಕು ಗಾಳಿ ಒಳಗೆ.
ಅಷ್ಟಕ್ಕೇ ನೀರಿನ ಹಟ ಮುರಿಯುತ್ತದೆ.

“ಸೋರಬಾರದು ಅಂತ ತೂತು ಕೊರೆಯುತ್ತೀಯಾ?”
ಹೌದು, ಅಂದೆ.
ಡ್ರಿಲ್ಲು ನಿಲ್ಲುವ ತನಕ ಸುಮ್ಮನಿದ್ದಳು.
“ನನ್ನ ಮದುವೆಗೂ ಒಂದು ಬೇಕಿತ್ತು.”

ಅವಳ ಸೂರಿನ ಕಲೆಗೆ ಬಣ್ಣ ಹೊಡೆಸುತ್ತೇನೆಂದೆ; ಬೇಡವಂತೆ.
ನನ್ನ ಕಣ್ಣಿಗೆ ಅದು ಸೀಳಿದ ಹಲಸು.
ಅವಳಿಗೆ ಬ್ಯೂಟ್ ದ್ವೀಪ,
ರೇವು ಇರಬೇಕಾದಲ್ಲಿ ಸರಿಯಾಗಿ ಒಂದು ಮೊಳೆಯ ತಲೆ.

ಈಗ ಸ್ಟ್ಯಾಂಡಿನ ಕೆಳಗೆ ಅಂಚು ಮಡಚಿದ ರಬ್ಬರು ಹಾಸು,
ಮೂಲೆಯಲ್ಲಿ ನಿಪ್ಪಟ್ಟಿನಂಥ ಅಲಾರಾಮು.
ಹನಿ ತಾಗಿದರೆ ಕಿರುಚಬೇಕು.
ಮೊನ್ನೆ ಸೌಟಿನಿಂದ ತೊಟ್ಟಿಕ್ಕಿದ ಸಾರಿಗೆ ಕಿರುಚಿತು.
ಕೆಳಗಿನಿಂದ ಮೂರು ಗುದ್ದು.
ಹಿಮ್ಮಡಿಯಲ್ಲಿ ನಾನು ಎರಡು: ಏನಿಲ್ಲ, ಸಾರು.

ಪ್ರತಿ ಶನಿವಾರ ಸಂಜೆ ಬೇಕೆಂದೇ ಸ್ವಿಚ್ಚು ಆರಿಸುತ್ತೇನೆ.
ನೀರು ಇಳಿಯುತ್ತದೆ, ಒಂದೇ ಬೆರಳು,
ಗೊರ್ ಎಂದು ಗಾಳಿ ಎಳೆದುಕೊಂಡು ನಿಲ್ಲುತ್ತದೆ.
ಲೋಚ್ ಹೊಸ ಕೊಳವೆಯ ಬಾಯಿ ಮೂಸಿ ಹಿಂದೆ ಸರಿಯುತ್ತದೆ.
ಕೆಳಗೆ ಐಲ್ಸಾ, ನನ್ನ ಮೇಲೆ ಪೂರ್ತಿ ನಂಬಿಕೆ ಇಟ್ಟೇ,
ಟೀ ಕಪ್ಪಿಗೆ ಬಸಿ ಮುಚ್ಚಿಕೊಂಡಿರುತ್ತಾಳೆ.