ನಷ್ಟದ ಕಾಲಂ

ಪವಾಡ ಬೇಕು, ಎರಡಾದರೂ,
ಎಂದಿದ್ದಾರೆ ವಿಚಾರಣೆಯ ಸ್ವಾಮಿಗಳು.
ನಾನು ಬರೀ ಗುಮಾಸ್ತ, ಇನ್ನಾಸಪ್ಪ.
ಸಾಕ್ಷಿಗಳ ಮಾತು ಟೈಪು ಮಾಡುವುದಷ್ಟೇ ನನ್ನ ಪಾಲು.

ಅರಸೀಕೆರೆಯ ರೈಲ್ವೆ ಕಾಲೊನಿ ಹಿಂದೆ,
ಕನ್ಯಾಮಠದ ಹಿತ್ತಿಲ ಕೋಣೆಯಲ್ಲಿ
ಸಿಸ್ಟರ್ ಮದಲೇನಮ್ಮ ಮೂವತ್ತೊಂದು ವರ್ಷ
ಪೂಜೆಯ ರೊಟ್ಟಿ ಸುಟ್ಟರು.
ಹಿಟ್ಟು, ನೀರು. ಉಪ್ಪಿಲ್ಲ.
ಶಿಲುಬೆ ಕೆತ್ತಿದ ಕಬ್ಬಿಣದ ಇಕ್ಕಳ,
ಕೆಳಗೆ ಕೊಬ್ಬರಿ ಮಂಡಿಯವರು ಬಿಟ್ಟಿ ಕೊಟ್ಟ
ಚಿಪ್ಪಿನ ಕೆಂಡ.

ಸಾಕ್ಷಿಗಳು ಹೇಳಿದ್ದು ಹೆಚ್ಚೇನಿಲ್ಲ.
ಪಾಯಿಂಟ್ಸ್‌ಮನ್ ಚೌರಪ್ಪನ ಹೆಂಡತಿ: "ಮಾತು ಕಮ್ಮಿ."
ಹಾಲಿನ ಪುಟ್ಟಸಿದ್ದಮ್ಮ: "ಒಂದೊಂದ್ ದಿನ
ಹಂಗೇ ನಿಂತ್‌ಬಿಡೋರು, ಇಕ್ಕಳ ಕೈಯಲ್ಲೇ.
ಕರೆದ್ರೆ ಕೇಳಿಸ್ತಿರಲಿಲ್ಲ.
ನಾ ಹಾಲಿಟ್ಟು ಬಂದ್‌ಬಿಡ್ತಿದ್ದೆ. ಬೆಕ್ಕು ಕುಡೀತಿತ್ತು."

ಬೆಕ್ಕನ್ನೂ ಟೈಪು ಮಾಡಿದೆ.

ಮೂರನೇ ದಿನ ಸಿಕ್ಕಿದ್ದು
ಹಿರಿಯ ಮದರ್ ಇಟ್ಟಿದ್ದ ಖರ್ಚಿನ ಪುಸ್ತಕ,
ಕೆಂಪು ಬಟ್ಟೆಯ ಬೈಂಡು, ಗೆದ್ದಲು ತಿಂದ ಅಂಚು.
ದಿನಾಂಕ. ಹಿಟ್ಟು. ರೊಟ್ಟಿ. ನಷ್ಟ.
ನಷ್ಟ ಎಂಬಲ್ಲಿ ಹೆಚ್ಚಾಗಿ ಐದು, ಆರು.
ಆಮೇಲೆ ಒಂದು ಮಂಗಳವಾರ: ನಲವತ್ತು, ಸೀದವು.
ಎಂಟು ದಿನ ಬಿಟ್ಟು ಅರವತ್ತೆರಡು.
ತಪಸ್ಸುಕಾಲದ ಒಂದು ಗುರುವಾರ ಮುನ್ನೂರ ಹನ್ನೆರಡು,
ಪಕ್ಕದಲ್ಲಿ ಪೆನ್ನು ಒತ್ತಿ ಬರೆದ ಷರಾ:
"ಎಲ್ಲವೂ. ಕೇಳಿದರೆ ನಗುತ್ತಾಳೆ.
ಎರಡು ಕಿಲೊ ದಂಡ."

ದೇವರು ಬಂದು ಹೋದ ತಾರೀಖುಗಳನ್ನು
ಇಷ್ಟು ಸಿಟ್ಟಿನಲ್ಲಿ, ಇಷ್ಟು ನಿಖರವಾಗಿ
ಯಾರೂ ಬರೆದಿಟ್ಟಿರಲಾರರು.

ಅದಾದ ಮೇಲೆ ಒಂಬತ್ತು ವರ್ಷ ನಷ್ಟವೇ ಇಲ್ಲ.
ಸೊನ್ನೆ, ಸೊನ್ನೆ, ಪುಟದ ತುಂಬ ಸೊನ್ನೆ.
ಮದರ್ ಒಂದು ಕಡೆ ಮೆಚ್ಚಿದ್ದಾರೆ: "ಈಗ ಗಮನ ಬಂದಿದೆ."
ಆ ಸೊನ್ನೆಗಳನ್ನು ನೋಡುತ್ತಾ ಕೂತೆ.
ಶಿವಮೊಗ್ಗದ ಗಾಡಿ ಬಂತು, ಹೋಯಿತು, ಕಿಟಕಿ ಅದುರಿತು.
ದಿನಾ ನಾಲ್ಕಕ್ಕೆ ಎದ್ದು, ಒಂದೂ ಸೀಯದಂತೆ,
ಬೆಳ್ಳಗೆ, ದುಂಡಗೆ,
ಯಾರೂ ಬಾರದ ಆ ಕೋಣೆಯಲ್ಲಿ.
ಇದನ್ನು ಯಾವ ತಲೆಬರಹದ ಕೆಳಗೆ ಟೈಪು ಮಾಡಲಿ?

ಸ್ವಾಮಿಗಳು ಕೇಳಿದರು:
ಕುಂಟರು ಯಾರಾದರೂ ನಡೆದರೇ? ಕುರುಡರಿಗೆ ಕಣ್ಣು?
ಇಲ್ಲ ಸ್ವಾಮಿ. ಹಿಟ್ಟಿನ ಲೆಕ್ಕ ಇದೆ.
ಅವರು ಕನ್ನಡಕ ಒರೆಸಿಕೊಂಡರು.

ಒಂದು ಮಾತು ನಾನು ಕಡತಕ್ಕೆ ಸೇರಿಸಲಿಲ್ಲ,
ಗುಮಾಸ್ತ ಸಾಕ್ಷಿಯಾಗುವಂತಿಲ್ಲ.
ಸೀದ ರೊಟ್ಟಿಗಳನ್ನು ಅವರು ಹಿತ್ತಿಲ ಗೋಡೆಯ ಮೇಲೆ ಇಡುತ್ತಿದ್ದರು,
ಕಾಲೊನಿ ಹುಡುಗರಿಗೆ.
ಆ ಗುರುವಾರ ನಾನು ಚಡ್ಡಿಯ ಎರಡೂ ಜೇಬು ತುಂಬಿಕೊಂಡು
ಗೂಡ್ಸ್ ಶೆಡ್ಡಿನ ನೆರಳಲ್ಲಿ ಕೂತು ತಿಂದೆ.

ಕಹಿ ಇತ್ತು.
ನಾಲಿಗೆ ಕಪ್ಪಾಗಿತ್ತೆಂದು ಮನೆಯಲ್ಲಿ ಬೈದರು.